ದಿವಾನರ ಪಕ್ಕದ ಗೊಂಬೆ

ಮೈಸೂರಿಗೆ ಹೊಸ ದಿವಾನರು ಬಂದು, ಜಗಳವಾಡುತ್ತಿದ್ದ ಎರಡು ಪಕ್ಷಗಳನ್ನೂ ಸೇರಿಸಿ ಮಂತ್ರಿಮಂಡಲ ಮಾಡಿದರು. ಮಾಗಡಿಯ ಕೆಂಪಲಿಂಗಯ್ಯನವರ ಮಂತ್ರಿ ಪದವಿ ಉಳಿಯಿತು. ಆದರೆ ದಿವಾನರ ಪಕ್ಕದ ಕುರ್ಚಿ ಎದುರು ಪಕ್ಷದ ಮರಿಗಂಗಯ್ಯನವರ ಪಾಲಾಯಿತು. ಅಂದಿನಿಂದ ಕೆಂಪಲಿಂಗಯ್ಯನವರಿಗೆ ಜಪಕ್ಕೆ ಕೂತರೂ ಆ ಕುರ್ಚಿಯೇ ಕಾಣುತ್ತಿತ್ತು.

ದಸರೆಗೆ ಅವರ ಮನೆಯಲ್ಲಿ ದಿವಾನರ ದರ್ಬಾರಿನ ಗೊಂಬೆಗಳನ್ನು ಕೂರಿಸುವುದು ವಾಡಿಕೆ. ಹೊಸ ಮಂತ್ರಿಮಂಡಲದ ಗೊಂಬೆಗಳಿಗಾಗಿ ಅವರು ಚನ್ನಪಟ್ಟಣಕ್ಕೆ ಹೋಗಿ ಗೊಂಬೆ ಮಾಡುವ ಸಮದನನ್ನು ಕಂಡರು.

“ನನ್ನ ಗೊಂಬೆ ಎತ್ತರಕ್ಕಿರ್ಲಿ. ಮರಿಗಂಗಯ್ಯಂದು ಒಸಿ ಗಿಡ್ಡ ಮಾಡು.”

“ಒಸಿ ಅಂದ್ರೆ ಎಷ್ಟು ಬುದ್ಧಿ?”

“ನನ್ನ ಸೊಂಟಕ್ಕೆ ಬಂದ್ರೆ ಸಾಕು.”

“ಅವ್ರೂ ಈಗ ನಿಮ್ಮೋರೇ ಅಲ್ವಾ ಬುದ್ಧಿ?” ಎಂದು ನಕ್ಕ ಸಮದ್, ಹೇಳಿದಂತೆಯೇ ಮಾಡಿಕೊಟ್ಟ.

ಪಾಡ್ಯದ ದಿನ ಕೆಂಪಲಿಂಗಯ್ಯನವರು ಸ್ನಾನ ಮುಗಿಸಿ ಬರುವಷ್ಟರಲ್ಲಿ ಹೆಂಡತಿ ಪುಟ್ಟಗೌರಮ್ಮ ಗೊಂಬೆ ಕೂರಿಸಿ ಆರತಿ ಮಾಡಿದ್ದರು. ಗಿಡ್ಡ ಗೊಂಬೆ ಮುಂದಿನ ಸಾಲಿನಲ್ಲಿ, ದಿವಾನರ ಪಕ್ಕದಲ್ಲೇ ಇತ್ತು. ಎತ್ತರದ್ದು ಹಿಂದಿನ ಸಾಲಿನ ಮೂಲೆಯಲ್ಲಿತ್ತು.

“ಇದೇನೇ ಹಿಂಗ್ ಮಡಗಿದ್ದೀಯ?”

“ಗಿಡ್ಡದು ಮುಂದೆ, ಉದ್ದದ್ದು ಹಿಂದೆ. ಇಲ್ದಿದ್ರೆ ಹಿಂದಿನ್ವು ಕಾಣಾಕಿಲ್ಲ.”

“ಬದಲಾಯ್ಸು.”

“ಆರತಿ ಆದ್ಮೇಲೆ ವಿಜಯದಶಮಿಗಂಟ ಕದಲ್ಸಂಗಿಲ್ಲ. ಸುಮ್ನೆ ಕೈ ಮುಗೀರಿ.”

ಕೆಂಪಲಿಂಗಯ್ಯನವರು ಕೈ ಮುಗಿದರು. ಮುಂದಿದ್ದವರನ್ನು ನೋಡಲಾರದೆ ಕಣ್ಣು ಮುಚ್ಚಿಕೊಂಡರು.