ತೋಳಿನ ಮೇಲಿನ ಗುರುತು

ಕಫ ಎಳೆಯುವ ಮೆಷಿನ್ನಿನ ಗೊರಗೊರ ನಿಂತಿತು, ಇಷ್ಟು ಬೇಗ ಯಾಕೆ ನಿಂತಿತು, ನಿನ್ನೆ ಇನ್ನೂ ಸ್ವಲ್ಪ ಹೊತ್ತು ಓಡಿತ್ತಲ್ಲ — ಊಟದ ಮೇಜಿನ ಮುಂದೆ ಮೊಬೈಲ್ ಹಿಡಿದು ಕೂತ ಮುನಿರಾಜಪ್ಪ ಕಿವಿ ನಿಮಿರಿಸಿದ, ಒಳಗೆ ನರ್ಸ್ ಸಾಮಿಯಾ ಅವನ ಮಗಳು ನಂದಿತಾಳಿಗೆ ಏನೋ ಹೇಳಿ ನಗುತ್ತಿದ್ದಾಳೆ, ಮಾತು ಬಾರದವಳ ಹತ್ತಿರ ಅದೆಂಥ ನಗು, ಮೂವತ್ತೊಂದು ವರ್ಷ ವಿಮಾನ ಕಾರ್ಖಾನೆಯಲ್ಲಿ ಒಂದೊಂದು ರಿವೆಟ್ಟಿಗೂ ಟಾರ್ಚ್ ಬಿಟ್ಟು ತಪ್ಪು ಹುಡುಕಿದ ಇನ್‌ಸ್ಪೆಕ್ಟರ್ ಅವನು, ತಪ್ಪು ಸಿಗಲಿಲ್ಲವೆಂದರೆ ಸರಿಯಾಗಿ ನೋಡಿಲ್ಲವೆಂದೇ ಲೆಕ್ಕ, ಮೊದಲು ಬಂದ ನರ್ಸು ಕುರ್ಚಿಯಲ್ಲೇ ತೂಕಡಿಸಿದಳು, ಎರಡನೆಯವಳು ಗಂಟಲಿನ ಕೊಳವೆ ಕಂಡೇ ಬೆವೆತಳು, ಇಬ್ಬರನ್ನೂ ಕಳಿಸಿದ, ನಾಲ್ಕು ತಿಂಗಳು ಕಾದ ಮೇಲೆ ಶಿವಾಜಿನಗರದಿಂದ ಇವಳು, ಕೊಳವೆ ಶುಚಿ ಮಾಡುವುದು ಗೊತ್ತು, ಹೊಟ್ಟೆಯ ಟ್ಯೂಬಿಗೆ ಗಂಜಿ ಹಾಕುವುದು ಗೊತ್ತು, ಫಿಟ್ಸ್ ಬಂದರೂ ಗಾಬರಿಯಿಲ್ಲ, ಎಲ್ಲವೂ ಗೊತ್ತು, ಅದಕ್ಕೇ ಅನುಮಾನ. ನಂದಿತಾಳ ಎಡದೋಳಿನ ಮೇಲೆ ನೀಲಿಗಟ್ಟಿದ ಗುರುತು, ಬೆಳಿಗ್ಗೆ ಮೈ ಒರೆಸುವಾಗ ಇವಳೇ ತೋರಿಸಿದಳು, ಅಂಕಲ್, ಇದು ನೋಡಿದ್ರಾ, ಯಾವಾಗ ಆಯ್ತು — ತಾನೇ ಮಾಡಿ ತಾನೇ ತೋರಿಸುವ ಜಾಣತನವನ್ನು ಕಾರ್ಖಾನೆಯಲ್ಲಿ ಎಷ್ಟು ಕಂಡಿಲ್ಲ, ನನ್ನನ್ಯಾಕೆ ಕೇಳ್ತೀಯಮ್ಮ ಎಂದದ್ದಕ್ಕೆ ತನ್ನ ಉಗುರು ನೋಡಿಕೊಂಡಳು, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ. ಅವಳು ಕೈ ತೊಳೆಯಲು ಹೋದಾಗ ಮಗಳ ಕಿವಿಯ ಹತ್ತಿರ ಬಗ್ಗಿದ, ನಂದೂ, ಇವಳು ಮಾಡಿದ್ದಾ ಪುಟ್ಟಾ, ಮಿದುಳು ಜ್ವರ ಮಾತನ್ನೂ ಕೈಕಾಲನ್ನೂ ಕಸಿದುಕೊಂಡು ಆರು ವರ್ಷ, ಉಳಿದದ್ದು ರೆಪ್ಪೆ, ಒಂದು ಸಲ ಮುಚ್ಚಿದರೆ ಹೌದು, ಎರಡು ಸಲವಾದರೆ ಇಲ್ಲ ಅಥವಾ ಬೇಡ, ನಂದಿತಾ ಎರಡು ಸಲ ಮುಚ್ಚಿದಳು, ಇವಳು ಹೆದರಿಸಿಟ್ಟಿದ್ದಾಳೆ, ಹೆದರಿದವರು ಇಲ್ಲ ಎಂದೇ ಹೇಳುವುದು.

ದೂರು ಬರೆದಾಗಿದೆ, ನರ್ಸುಗಳನ್ನು ಒದಗಿಸುವ ಏಜೆನ್ಸಿಗೆ ಕಳಿಸುವುದಷ್ಟೇ ಬಾಕಿ, ಅಲ್ಲಿನ ಹೆಂಗಸು ಮೊದಲೇ ಹೇಳಿದ್ದಳು, ಸರ್, ಇವರನ್ನೂ ಬೇಡ ಅಂದ್ರೆ ಗಂಟಲ ಟ್ಯೂಬ್ ನೋಡ್ಕೊಳ್ಳೋರು ನಮ್ಮ ಹತ್ರ ಬೇರೆ ಯಾರೂ ಇಲ್ಲ, ಆಸ್ಪತ್ರೆಗೇ ಸೇರಿಸ್ಬೇಕಾಗುತ್ತೆ — ಮತ್ತೆ ಆಸ್ಪತ್ರೆ, ಅಲ್ಲಿ ಮೂರು ತಿಂಗಳು ನಂದಿತಾಳ ರೆಪ್ಪೆಯ ಕಡೆ ನೋಡುವವರೇ ಇರಲಿಲ್ಲ, ಆದರೂ ಇಂಥವಳನ್ನು ಮನೆಯಲ್ಲಿಟ್ಟುಕೊಳ್ಳುವುದೆಂತು, ಸಾಕ್ಷಿ ಬೇಕು, ಮಗಳ ಕೋಣೆಯ ಕಪಾಟಿನ ಮೇಲೆ ತಾನಿಟ್ಟ ಕ್ಯಾಮೆರಾದಲ್ಲಿ ಎಲ್ಲ ಇದ್ದೇ ಇರುತ್ತದೆ, ಮೊಬೈಲಿನಲ್ಲಿ ವಿಡಿಯೊ ತೆರೆದ. ನಿನ್ನೆ ಬೆಳಿಗ್ಗೆ ಹತ್ತು ಗಂಟೆ, ಮಗ್ಗುಲು ಬದಲಿಸುತ್ತಿದ್ದಾಳೆ, ಒಂದು ಕೈ ಬೆನ್ನಿನ ಕೆಳಗೆ, ಒಂದು ಕೈ ಸೊಂಟದ ಕೆಳಗೆ, ತೋಳು ಮುಟ್ಟಲಿಲ್ಲ, ಮಧ್ಯಾಹ್ನ ಒಂದು ಗಂಟೆ, ಗಂಜಿ, ಆಗಲೂ ಮುಟ್ಟಲಿಲ್ಲ, ಕ್ಯಾಮೆರಾ ಇರುವುದು ಗೊತ್ತಾಗಿರಬೇಕು, ಐದಕ್ಕೆ ಐದು ನಿಮಿಷವಿರುವಾಗ, ಬರ್ತೀನಿ ಅಂಕಲ್, ಬಸ್ ತಪ್ಪಿಹೋಗುತ್ತೆ, ಹೊರಟಳು. ಐದೂಕಾಲಿಗೆ ಒಂದು ಕೈ ಬಂತು, ಗಂಡಸಿನ ಕೈ, ದಿಂಬಿನಿಂದ ಜಾರಿದ್ದ ಮಗಳನ್ನು ಮೇಲಕ್ಕೆ ಸರಿಸಲು ಎಡದೋಳನ್ನೇ ಹಿಡಿದು ಜಗ್ಗಿತು, ಹೆಬ್ಬೆರಳು ಒತ್ತಿದ ಜಾಗ ಅದೇ, ಅದೇ ಜಾಗ, ಅಂಗಿಯೂ ಅದೇ, ಈಗ ತನ್ನ ಮೈಮೇಲಿರುವುದು, ಇನ್ನೊಂದು ಕೈಯಲ್ಲಿ ಫೋನು, ನಿಮ್ಮ ನರ್ಸು ಐದು ನಿಮಿಷ ಮೊದಲೇ ಹೊರಟೋದ್ಲು ಕಣ್ರೀ, ಏನು ಹೇಳ್ತೀರಿ ಇದಕ್ಕೆ, ಅವನ ಮುಖ ಬಾಗಿಲ ಕಡೆಗೆ, ಮಗಳ ಮುಖ ಅವನ ಕಡೆಗೆ, ರೆಪ್ಪೆ ಮುಚ್ಚಿ ತೆರೆಯಿತು, ಮುಚ್ಚಿ ತೆರೆಯಿತು, ಮುನಿರಾಜಪ್ಪ ವಿಡಿಯೊ ಹಿಂದಕ್ಕೆ ಸರಿಸಿ ಮತ್ತೆ ನೋಡಿದ, ಕೈ ಜಗ್ಗಿತು, ಮುಖ ಬಾಗಿಲ ಕಡೆಗೆ, ರೆಪ್ಪೆ ಎರಡು ಸಲ, ಇನ್ನೂ ಹಿಂದಕ್ಕೆ, ಮುಖ ಬಾಗಿಲ ಕಡೆಗೇ, ರೆಪ್ಪೆ ಎರಡು ಸಲ, ಎರಡು ಸಲ, ಎರಡು ಸಲ