ದುರ್ಗದವರ ಸೋಮಾರಿತನದ ವರದಿ

ಶಿವಕುಮಾರಪ್ಪನವರು ಬೆಂಗಳೂರಿನಲ್ಲಿ ಓದಿ ಸರ್ಕಾರಿ ಅಧಿಕಾರಿಯಾದವರು. ಊರೂರಿನ ಜನ ಯಾವ ಕಸುಬು ಮಾಡುತ್ತಾರೆ, ಎಷ್ಟು ದುಡಿಯುತ್ತಾರೆ ಎಂಬುದನ್ನು ಕಣ್ಣಾರೆ ಕಂಡು ಬರೆಯುವ ಕೆಲಸ ಅವರ ಪಾಲಿಗೆ ಬಂತು. ಬೇಗ ಮುಗಿಯಲೆಂದು ಮೇಲಿನವರು ಒಂದು ಮೋಟಾರನ್ನೂ, ಅದನ್ನು ಓಡಿಸಲು ಹಿರಿಯೂರಿನ ಮುನಿಯಪ್ಪನನ್ನೂ ಕೊಟ್ಟರು. ಇದು ಸಾವಿರದ ಒಂಬೈನೂರ ಹನ್ನೆರಡರ ಮಾತು. ಚಿತ್ರದುರ್ಗದ ಪೇಟೆಬೀದಿಯಲ್ಲಿ ಮೋಟಾರು ಕಂಡವರೇ ಕಡಿಮೆ.

ಮೊದಲ ದಿನ ಬೆಳಗ್ಗೆ ಹೊರಟರು. ಮೋಟಾರಿನ ಸದ್ದು ಮೋಟಾರಿಗಿಂತ ಒಂದು ಫರ್ಲಾಂಗು ಮುಂದೆ ಹೋಗುತ್ತಿತ್ತು. ಹಾಗಾಗಿ ಅವರು ತಲುಪುವಷ್ಟರಲ್ಲಿ ಕಮ್ಮಾರ ಸುತ್ತಿಗೆ ಕೆಳಗಿಟ್ಟು ಬಾಗಿಲಿಗೆ ಬಂದಿದ್ದ. ಬಾವಿಕಟ್ಟೆಯ ಹೆಂಗಸರು ಹಗ್ಗ ಹಿಡಿದುಕೊಂಡೇ ನಿಂತಿದ್ದರು. ಅರ್ಧ ತಲೆ ಬೋಳಿಸಿಕೊಂಡವನೊಬ್ಬ ಕ್ಷೌರಿಕನ ಜೊತೆಯಲ್ಲೇ ಓಡಿಬಂದಿದ್ದ. ಗಾಣದ ಎತ್ತು ಮಾತ್ರ ಸುತ್ತುತ್ತಿತ್ತು. ಅದಕ್ಕೆ ಕಣ್ಣು ಕಟ್ಟಿದ್ದರು.

ಕಂಬಳಿ ನೇಯುವ ಕಾಟಲಿಂಗಪ್ಪನ ಮನೆ ಮುಂದೆ ಮೋಟಾರು ನಿಲ್ಲಿಸಿ, ಮಗ್ಗ ಬಿಟ್ಟು ಯಾಕೆ ನಿಂತಿದ್ದೀಯ ಎಂದು ಕೇಳಿದರು.

"ನಿಮ್ಮನ್ನ ನೋಡಾಣ ಅಂತ ಎದ್ದು ಬಂದೆ ಸ್ವಾಮಿ. ನೀವು ಹೋದ ಮ್ಯಾಲೆ ಮತ್ತೆ ಕುಂತ್ಕಂತೀನಿ."

ಆತ ಹೇಳಿದ್ದು ಮಗ್ಗಕ್ಕೆ ಕೂರುವ ಮಾತು. ಶಿವಕುಮಾರಪ್ಪನವರು ಬರೆದುಕೊಂಡದ್ದೇ ಬೇರೆ: 'ಇಲ್ಲಿಯವರು ನಿಲ್ಲುತ್ತಾರೆ, ದಣಿದರೆ ಕೂರುತ್ತಾರೆ. ದುಡಿಯುವುದು ಎತ್ತೊಂದೇ.'

ವರದಿ ಓದಿ ಮೇಲಿನವರಿಗೆ ಕಳವಳವಾಯಿತು. ದುಡಿಮೆಯ ಮಹತ್ವದ ಬಗ್ಗೆ ಆ ಜನಕ್ಕೆ ನೀವೇ ಒಂದು ಉಪನ್ಯಾಸ ಕೊಡಿ ಎಂದು ಶಿವಕುಮಾರಪ್ಪನವರಿಗೆ ಆಜ್ಞೆ ಮಾಡಿದರು. ಅದನ್ನು ಸಾರಲು ಮುನಿಯಪ್ಪ ಮೋಟಾರಿನಲ್ಲಿ ತಮಟೆಯವನನ್ನು ಕೂರಿಸಿಕೊಂಡು ಎಂಟು ದಿನ ಬೀದಿಬೀದಿ ಸುತ್ತಿದ. ಮೊದಲೆರಡು ದಿನ ಜನ ಓಡಿಬಂದರು. ಮೂರನೆಯ ದಿನ ಕೂತಲ್ಲಿಂದಲೇ ಕತ್ತೆತ್ತಿದರು. ಆಮೇಲೆ ಅದೂ ಇಲ್ಲ.

ಉಪನ್ಯಾಸದ ಮಧ್ಯಾಹ್ನ ಶಾಲೆಯ ಅಂಗಳದ ಜಮಖಾನದ ಮೇಲೆ ಆರು ಜನ ಇದ್ದರು. ನಾಲ್ವರು ಕಚೇರಿಯವರು, ಬರಲೇಬೇಕಾದವರು. ಇನ್ನಿಬ್ಬರು ನೆರಳಿಗೆಂದು ಬಂದು ಮಲಗಿದವರು. ಮಾರನೆಯ ದಿನ ಸಂತೆ. ಉಳಿದವರಿಗೆಲ್ಲ ಕೈತುಂಬ ಕೆಲಸವಿತ್ತು. ಶಿವಕುಮಾರಪ್ಪನವರು ಒಂದು ಗಂಟೆ ಮಾತಾಡಿ, ನೊಂದುಕೊಂಡು ಮೋಟಾರು ಹತ್ತಿದರು.

ಬೀದಿಗೆ ಬಂದರೆ ಅವರಿಗೆ ತಮ್ಮ ಕಣ್ಣನ್ನೇ ನಂಬಲಾಗಲಿಲ್ಲ. ಕುಲುಮೆಯಿಂದ ಸುತ್ತಿಗೆಯ ಏಟು ಕೇಳುತ್ತಿತ್ತು. ಹೆಂಗಸರು ಬಿರಬಿರನೆ ನೀರು ಸೇದುತ್ತಿದ್ದರು. ಕಾಟಲಿಂಗಪ್ಪ ತಲೆಯೆತ್ತದೆ ಲಾಳಿ ಆಡಿಸುತ್ತಿದ್ದ. ಒಬ್ಬರೂ ಇವರತ್ತ ನೋಡಲಿಲ್ಲ.

"ಮುನಿಯಪ್ಪ, ಮಾತಿಗೆ ಎಂಥ ಶಕ್ತಿ ಇದೆ ನೋಡಿದ್ಯಾ?"

ಮುನಿಯಪ್ಪ ಹೂಂಗುಟ್ಟಿದ. ಮೋಟಾರಿನ ಕೆಲಸ ಅವನಿಗೆ ಬೇಕಾಗಿತ್ತು.

ಎರಡನೆಯ ವರದಿ ಮೇಲಿನವರಿಗೆ ಬಹಳ ಹಿಡಿಸಿತು. ಅದೇ ಉಪನ್ಯಾಸ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲೂ ಆಗಲಿ ಎಂದು ಹುಕುಂ ಬಂತು. ಮುನಿಯಪ್ಪ ಒಂದು ಉಪಾಯ ಹೇಳಿದ.

"ಮೊದ್ಲು ಎಂಟು ದಿನ ನಾನೊಬ್ನೇ ಮೋಟಾರು ತಗಂಡು ಸುಮ್ನೆ ಓಡಾಡ್ತೀನಿ ಸ್ವಾಮಿ. ಆಮ್ಯಾಲೆ ನೀವು ಬರ್ರಿ. ಮಾತು ಚೆನ್ನಾಗಿ ನಾಟ್ತೈತೆ."

ಯಾಕೆಂದು ಶಿವಕುಮಾರಪ್ಪನವರಿಗೆ ತಿಳಿಯಲಿಲ್ಲ. ಆದರೂ ಒಪ್ಪಿದರು.