ಮೊದಲ ಪಾಪದವರೆಗೆ

ಹುಲ್ಲಿನ ಮೇಲೆ ಚೆಂಡು ಉರುಳಿಸಿ ಆಡುವ ನಮ್ಮ ಊರಿನ ಬೌಲಿಂಗ್ ಕ್ಲಬ್ಬಿನ ಹಿಂಕೋಣೆಯಲ್ಲಿ, ಚಹಾ ಕಾಯಿಸುವ ಹಂಡೆಯ ಮೇಲ್ಗಡೆ, ಒಂದು ಮರದ ಫಲಕ ತೂಗುತ್ತಿದೆ. ಸಾವಿರದ ಒಂಬೈನೂರ ಎಂಬತ್ತೆಂಟರಲ್ಲಿ ಟಾಸ್ಮೇನಿಯದ ವಾಯವ್ಯ ಕರಾವಳಿಯ ಊರುಗಳೆಲ್ಲ ಸೇರಿ ನಡೆಸಿದ ಚಲನಚಿತ್ರ ರಸಪ್ರಶ್ನೆಯಲ್ಲಿ ಅದನ್ನು ಗೆದ್ದವರು ನಾವು ಮೂವರು: ಮರ್ವ್ ಡಿರೀನ್, ಗ್ಲೆನಿಸ್ ಟ್ಯಾಟ್ನೆಲ್ ಮತ್ತು ಏವಿಸ್ ಪೈಬಸ್ ಎಂಬ ನಾನು. ನಮ್ಮ ತಂಡದ ಹೆಸರು ‘ಮೊದಲ ಪಾಪ’. ಆ ಹೆಸರನ್ನು ಕೇಳಿ ಸಭಿಕರು ನಕ್ಕರು. ಅದರ ಅರ್ಥ ನಮಗಷ್ಟೇ ತಿಳಿದಿತ್ತು.

ನಾವು ಮೂವರೂ ಹುಟ್ಟಿದ್ದು ‘ದೊಡ್ಡಿ’ಯಲ್ಲಿ. ಗುಡ್ಡದಾಚೆಯ ಆಲೂಗಡ್ಡೆ ಹೊಲಗಳ ನಡುವೆ ಎತ್ತರದ ಬೇಲಿ ಹಾಕಿಕೊಂಡು ಬದುಕುವ ಆ ಪಂಥದವರು ತಮ್ಮನ್ನು ದೇವರ ಕುರಿಗಳೆಂದೂ ತಮ್ಮ ನೆಲೆಯನ್ನು ದೊಡ್ಡಿಯೆಂದೂ ಕರೆದುಕೊಳ್ಳುತ್ತಾರೆ. ಅದನ್ನು ಆಳುವವರಿಗೆ ಕಾವಲಿಗರೆಂದು ಹೆಸರು. ಯಾರು ಯಾರನ್ನು ಮದುವೆಯಾಗಬೇಕು, ಯಾರ ಪತ್ರವನ್ನು ಒಡೆದು ಓದಬೇಕು, ಯಾವ ಮಗುವನ್ನು ಆಲೂಗಡ್ಡೆಯ ನೆಲಮಾಳಿಗೆಯಲ್ಲಿ ಕೂಡಿಹಾಕಬೇಕು ಎಂಬುದೆಲ್ಲ ಅವರ ತೀರ್ಮಾನ. ಸಿನಿಮಾ ಅಲ್ಲಿ ನರಕದ ಕಿಟಕಿ. ಹೊರಗೆ ಹೋದಾಗ ಅಂಗಡಿಯ ಗಾಜಿನಾಚೆ ಅಕಸ್ಮಾತ್ ಅದು ಕಣ್ಣಿಗೆ ಬಿದ್ದರೂ, ಮೊದಲ ಪಾಪ ಕಾಣುತ್ತಲೇ ಬೆನ್ನು ತಿರುಗಿಸಿ ನಡೆಯಬೇಕು. ಕುಡಿತ, ಸುಳ್ಳು, ಮುತ್ತು, ಯಾವುದಾದರೂ ಸರಿ. ಎಳವೆಯಿಂದಲೇ ಕಾಲಿಗೆ ಕಲಿಸಿದ ಪಾಠ ಅದು.

ಹೊರಬಂದ ಮೇಲೆ ಬುದ್ಧಿ ಬೇಗ ಬಿಡುಗಡೆ ಹೊಂದಿತು, ಕಾಲು ಹೊಂದಲಿಲ್ಲ. ಬರ್ನಿ ಪಟ್ಟಣದ ಚಿತ್ರಮಂದಿರದಲ್ಲಿ ನಾವು ಮೊದಲ ಸಲ ಕುಳಿತಾಗ, ನಾಯಕ ನಾಯಕಿಯರ ತುಟಿ ಸೇರುತ್ತಿದ್ದಂತೆ ಮೂವರೂ ಒಟ್ಟಿಗೆ ಎದ್ದು ನಿಂತೆವು. “ಕೂತ್ಕೊಳ್ರೀ, ತಲೆ ಅಡ್ಡ ಬರ್ತಿದೆ!” ಎಂದು ಹಿಂದಿನವರು ಕೂಗಿದರು. ಗ್ಲೆನಿಸ್ ತನ್ನ ಟೋಪಿಯೊಳಗೆ ವಾಂತಿ ಮಾಡಿಕೊಂಡಳು. ಮುಂದಿನ ಸಲ ಮರ್ವ್ ತನ್ನ ಸೊಂಟದ ಪಟ್ಟಿಯಿಂದ ಕಾಲನ್ನು ಕುರ್ಚಿಗೆ ಬಿಗಿದುಕೊಂಡು ಕುಳಿತ. ಹೀಗೆ ವರ್ಷಗಟ್ಟಲೆ ಹೆಣಗಿ ಕೂರಲು ಕಲಿತೆವು. ಚಿತ್ರದ ಕೊನೆಯಲ್ಲಿ ಬರುವ ಹೆಸರುಗಳೆಲ್ಲ ಉರುಳಿ ಮುಗಿದು ದೀಪ ಹತ್ತುವವರೆಗೆ ಏಳಬಾರದೆಂದು ನಮ್ಮೊಳಗೊಂದು ವ್ರತವನ್ನೇ ಮಾಡಿಕೊಂಡೆವು.

ಆ ವ್ರತವೇ ಫಲಕ ಕೊಟ್ಟಿತು. ಕೊನೆಯ ಸುತ್ತಿನಲ್ಲಿ ನಮಗೂ ಚಿತ್ರಮಂದಿರದ ಮಾಲೀಕರ ತಂಡಕ್ಕೂ ಸಮ. ಕಡೆಯ ಪ್ರಶ್ನೆ: ‘ಹಡಗುಕಟ್ಟೆಯ ವಧು’ ಚಿತ್ರದಲ್ಲಿ ಹೆಸರುಗಳೆಲ್ಲ ಮುಗಿದ ಮೇಲೆ ತೆರೆಯ ಮೇಲೆ ಏನು ಕಾಣುತ್ತದೆ? ಏನೂ ಇಲ್ಲ ಎಂದು ಬರೆದರು ಮಾಲೀಕರು. ಮೂರು ಕಾಲಿನ ನಾಯಿಯೊಂದು ಬರಿದಾದ ಕಟ್ಟೆಯನ್ನು ದಾಟುತ್ತದೆ ಎಂದು ಬರೆದೆವು ನಾವು. ಮಾಲೀಕರು ಒಪ್ಪದಿದ್ದಾಗ ಅವರದೇ ಉಗ್ರಾಣದಿಂದ ಸುರುಳಿ ತರಿಸಿ ಓಡಿಸಲಾಯಿತು. ಸಭೆಯೆಲ್ಲ ಉಸಿರು ಬಿಗಿಹಿಡಿದು ಕಪ್ಪು ತೆರೆಯನ್ನು ನೋಡುತ್ತಿರುವಾಗ ನಾಯಿ ಕುಂಟುತ್ತ ಬಂತು. ಜೀವನದಲ್ಲಿ ನಾನು ಅನೇಕ ಗೌರವಗಳನ್ನು ಕಂಡಿದ್ದೇನೆ. ಆ ನಾಯಿ ತಂದ ಗೌರವಕ್ಕೆ ಅವು ಯಾವುವೂ ಸಾಟಿಯಲ್ಲ.

ಅಂದಿನಿಂದ ಪ್ರತಿ ಗುರುವಾರ ಮಧ್ಯಾಹ್ನ ನಾವು ಆ ಕೋಣೆಯಲ್ಲಿ ಸೇರುತ್ತೇವೆ. ಸ್ಕಾಲಪ್ ಎಂಬ ಚಿಪ್ಪುಮೀನು ತುಂಬಿದ ಪೈ ತಿನ್ನುತ್ತ, ಹಳೆಯ ಗಾಯಗಳನ್ನೂ ಹಳೆಯ ಚಿತ್ರಗಳನ್ನೂ ಒಂದೇ ಬಾಯಲ್ಲಿ ಆಡಿಕೊಳ್ಳುತ್ತೇವೆ. ದೊಡ್ಡಿ ಬಿಟ್ಟು ಬಂದವರು ಯಾರೇ ಆಗಲಿ, ಅವರಿಗೆ ಬಾಗಿಲು ತೆರೆದಿರುತ್ತದೆ.

ಹೋದ ವರ್ಷದ ಚಳಿಗಾಲದಲ್ಲಿ ಮಾತ್ರ ಆ ಬಾಗಿಲನ್ನು ಕುರಿತು ನನಗೆ ಭಯ ಹುಟ್ಟಿತು. ಜೆಮೈಮಾ ಎಂಬ ತರುಣಿ ತನ್ನ ಪುಟ್ಟ ಮಗಳು ಟಿಲ್ಲಿಯನ್ನು ಎತ್ತಿಕೊಂಡು ದೊಡ್ಡಿಯಿಂದ ತಪ್ಪಿಸಿಕೊಂಡು ಬಂದು, ನನ್ನ ಮನೆಯ ಹಿಂಬದಿಯ ಕೋಣೆಯಲ್ಲಿ ಅಡಗಿದ್ದಳು. ಮಗುವನ್ನು ಕಾವಲಿಗರು ಹುಡುಕುತ್ತಿದ್ದರು. ಹಿಂದೊಮ್ಮೆ ಹೀಗೆಯೇ ಬಂದವಳೊಬ್ಬಳ ಮಗನನ್ನು ಶಾಲೆಯ ಗೇಟಿನಿಂದಲೇ ಕಾರಿಗೆ ಹತ್ತಿಸಿಕೊಂಡು ಹೋಗಿದ್ದರು. ತಾಯಿ ಅವನನ್ನು ಮತ್ತೆ ಕಾಣಲಿಲ್ಲ. ಆದ್ದರಿಂದ ಟಿಲ್ಲಿ ಎಲ್ಲಿದ್ದಾಳೆಂಬುದು ನಮ್ಮ ಮೂವರಲ್ಲೇ ಉಳಿಯಬೇಕಿತ್ತು.

ಅಂಥ ಹೊತ್ತಿನಲ್ಲಿ ನಮ್ಮ ಗುರುವಾರದ ಕೋಣೆಗೆ ಡಾರ್ಕಸ್ ಬಂದಳು. ಇಪ್ಪತ್ತಾರರ ಆಸುಪಾಸಿನ ಹುಡುಗಿ. ಈರುಳ್ಳಿ ಕಟ್ಟುವ ಶೆಡ್ಡಿನಲ್ಲಿ ಕೆಲಸ. ಶರತ್ಕಾಲದಲ್ಲಿ ದೊಡ್ಡಿ ಬಿಟ್ಟೆನೆಂದು ಹೇಳಿಕೊಂಡಳು.

“ಕೂತ್ಕೋಮ್ಮ,” ಎಂದ ಮರ್ವ್. “ಇಲ್ಲಿ ಎರಡೇ ವಿಷ್ಯ. ಒಂದು, ಅವ್ರು ನಮ್ಗೆ ಏನ್ಮಾಡಿದ್ರು. ಇನ್ನೊಂದು, ಯಾವ ಪಿಚ್ಚರಲ್ಲಿ ಏನ್ ತಪ್ಪಿದೆ. ನನ್ನನ್ನ ನೆಲಮಾಳಿಗೇಲಿ ಕೂಡಿಹಾಕಿದ್ರು, ‘ಉಪ್ಪಿನ ಸೇತುವೆ’ ಪಿಚ್ಚರಿನ ಹೀರೋ ಥರಾನೇ. ಅವನಿಗೆ ಕೊನೆಗೆ ರಾಜಕುಮಾರಿ ಸಿಕ್ಕಿದ್ಲು, ನಂಗೆ ಸಿಕ್ಕಿದ್ದು ಕೆಮ್ಮು.”

“ಆ ಪಿಚ್ಚರಲ್ಲಿ ಸೈನಿಕನ ಕೈಯಲ್ಲಿ ವಾಚ್ ಇದೆ ಕಣೋ, ಸಾವಿರ ವರ್ಷದ ಹಿಂದಿನ ಕತೆ ಅಂತೆ!” ಎಂದಳು ಗ್ಲೆನಿಸ್.

“ಎಡಗೈಯಲ್ಲಿ,” ಎಂದಳು ಡಾರ್ಕಸ್ ಮೆಲ್ಲಗೆ. “ಅವನು ಬಾವಿ ಹತ್ರ ಬಗ್ಗಿದಾಗ ಕಾಣತ್ತೆ. ಹಿಂದೆ ಕೊಳಲು ಬಾರಿಸ್ತಿರ್ತಾರೆ.”

ಮರ್ವ್ ಮೇಜು ಬಡಿದ. “ಭಲೇ! ‘ವಿಧವೆಯ ರೈಲು’ ಹೇಗೆ ಶುರುವಾಗತ್ತೆ, ಹೇಳು ನೋಡೋಣ?”

“ಹಸಿರು ಪರದೆ. ಅದರಲ್ಲಿ ಒಂದು ತೂತು. ತೂತಿನಿಂದ ಒಂದು ಕಣ್ಣು.”

ಅವರಿಬ್ಬರೂ ಹಿಗ್ಗಿ, ಫಲಕ ಗೆದ್ದ ಕತೆಯನ್ನೆಲ್ಲ ಅವಳಿಗೆ ಹೇಳಿದರು, ನನ್ನ ಬಾಯಲ್ಲಿದ್ದ ಪೈ ತಣ್ಣಗಾಯಿತು. ದೊಡ್ಡಿಯಲ್ಲಿ ಭಾನುವಾರದ ಪ್ರವಚನದಲ್ಲಿ ಕಾವಲಿಗರು ಇಂಥ ಚಿತ್ರಗಳ ಪಾಪವನ್ನು ಬಣ್ಣಿಸಿ ಶಪಿಸುತ್ತಿದ್ದುದು ನಿಜ. ಆದರೆ ಪರದೆಯ ಬಣ್ಣವನ್ನೂ ಕೊಳಲಿನ ದನಿಯನ್ನೂ ಯಾವ ಪ್ರವಚನಕಾರನೂ ಹೇಳಿದ್ದಿಲ್ಲ. ಬೇಲಿಯಿಂದ ಹೊರಬಂದು ಕೆಲವೇ ತಿಂಗಳಾದವಳು ಇಷ್ಟು ಚಿತ್ರಗಳನ್ನು ಎಲ್ಲಿ ನೋಡಿದಳು?

ಮುಂದಿನ ಗುರುವಾರ ಅವಳು ಕಪ್ಪು ತೊಳೆಯುತ್ತ, ತಲೆಯೆತ್ತದೆ ಕೇಳಿದಳು: “ಸೋದರಿ ಏವಿಸ್, ಜೆಮೈಮಾ ಅಂತ ಒಬ್ಬಳು ಈ ಕಡೆ ಬಂದಿದ್ಲಾ? ನಂಗೆ ಬೇಕಾದವಳು.”

“ಇಲ್ಲಿ ಸೋದರಿ ಗೀದರಿ ಯಾರೂ ಇಲ್ಲ. ಏವಿಸ್ ಅಂದ್ರೆ ಸಾಕು,” ಎಂದೆ. “ಜೆಮೈಮಾನೂ ಇಲ್ಲ.”

ಅಷ್ಟರಲ್ಲಿ ಗ್ಲೆನಿಸ್ ಮತ್ತೆ ‘ವಿಧವೆಯ ರೈಲು’ ಚಿತ್ರದ ಅಂತ್ಯವನ್ನು ನೆನೆದು ಕಣ್ಣೊರೆಸಿಕೊಂಡಳು. “ಆ ಕೊನೆ ನೋಡಿದ್ರೆ ಈಗ್ಲೂ ಎದೆ ಒಡೆಯತ್ತೆ.”

“ಹೌದು, ಅವರಿಬ್ರಿಗೂ ಮದುವೆ ಆಗತ್ತಲ್ಲ, ನಂಗೂ ಖುಷೀಲಿ ಅಳು ಬಂತು,” ಎಂದಳು ಡಾರ್ಕಸ್.

ಆ ಚಿತ್ರದ ಕೊನೆಯಲ್ಲಿ ರೈಲು ಸೇತುವೆಯಿಂದ ಹೊಳೆಗೆ ಬೀಳುತ್ತದೆ. ಒಬ್ಬರೂ ಬದುಕುವುದಿಲ್ಲ.

ಮನೆಗೆ ಬಂದು ಟಿಲ್ಲಿಯ ಒದ್ದೆ ಬಟ್ಟೆಗಳನ್ನು ಹೊರಗೆ ಕಾಣದಂತೆ ಸ್ನಾನದ ಮನೆಯಲ್ಲಿ ಹರವುತ್ತಿರುವಾಗ, ಹತ್ತಾರು ವರ್ಷಗಳಿಂದ ನೆನಪಿನ ತಳದಲ್ಲಿ ಬಿದ್ದಿದ್ದ, ದೊಡ್ಡಿಯ ಹೆಂಗಸರು ಪಿಸುಗುಟ್ಟುತ್ತಿದ್ದ ಶಬ್ದವೊಂದು ಮೇಲೆದ್ದಿತು: ಜರಡಿ.

ಪ್ರವಚನದಲ್ಲಿ ಬೈಯಬೇಕಾದರೂ ಯಾರಾದರೊಬ್ಬರು ಚಿತ್ರಗಳನ್ನು ನೋಡಲೇಬೇಕಲ್ಲ! ಆ ಕೆಲಸಕ್ಕಾಗಿ ಕಾವಲಿಗರು ಕೆಲವು ಅವಿವಾಹಿತೆಯರನ್ನು ಗುಟ್ಟಾಗಿ ಆರಿಸಿಕೊಳ್ಳುತ್ತಿದ್ದರು. ಅವರಿಗೆ ಜರಡಿಯವರೆಂದು ಹೆಸರು. ಅವರಿಗೂ ನಿಯಮ ಅದೇ: ಮೊದಲ ಪಾಪ ಕಾಣುತ್ತಲೇ ಯಂತ್ರವನ್ನು ನಿಲ್ಲಿಸಿ ವರದಿ ಒಪ್ಪಿಸಬೇಕು. ಚಿತ್ರಗಳ ಆರಂಭವನ್ನು ಅವರಷ್ಟು ಬಲ್ಲವರಿಲ್ಲ; ಅಂತ್ಯವನ್ನು ಅವರು ಕಂಡವರೇ ಅಲ್ಲ. ಜರಡಿಯವರಿಗೆ ಇನ್ನೊಂದು ಕೆಲಸವೂ ಇತ್ತು. ದೊಡ್ಡಿ ಬಿಟ್ಟು ಹೋದವರ ಪಕ್ಕದಲ್ಲಿ ಕಣ್ಣೀರಿಟ್ಟುಕೊಂಡು ಕುಳಿತು, ಅವರ ಅಡಗುದಾಣವನ್ನು ಪತ್ತೆಹಚ್ಚುವುದು.

ಮರ್ವ್‌ಗೆ ಫೋನು ಮಾಡಿದೆ. ಅವನು ನಂಬಲಿಲ್ಲ. “ಗೂಢಚಾರಿಣಿ ಅಂದ್ರೆ ಕಪ್ಪು ಕೋಟು, ಬಾಯಲ್ಲಿ ಸಿಗರೇಟು ಇರ್ಬೇಕು ಕಣೇ. ಈ ಹುಡುಗಿ ಮೈಯೆಲ್ಲ ಈರುಳ್ಳಿ ಸಿಪ್ಪೆ!”

“ನಿನ್ನ ವ್ಯಾನಿಗೆ ಪೆಟ್ರೋಲ್ ತುಂಬಿಸ್ಕೊಂಡು ಬಾ, ಮಿಕ್ಕಿದ್ದು ಗುರುವಾರ ನೋಡ್ಕೋ,” ಎಂದೆ.

ಗುರುವಾರ ನಾನೇ ಪ್ರಶ್ನೆ ಕೇಳಲು ಕುಳಿತೆ. ‘ಉಪ್ಪಿನ ಸೇತುವೆ’ಯಲ್ಲಿ ಖಡ್ಗ ಕೊನೆಗೆ ಯಾರ ಕೈ ಸೇರುತ್ತದೆ? ‘ವಿಧವೆಯ ರೈಲು’ ಎಲ್ಲಿ ನಿಲ್ಲುತ್ತದೆ? ‘ಹಡಗುಕಟ್ಟೆಯ ವಧು’ ಯಾರನ್ನು ವರಿಸುತ್ತಾಳೆ? ಡಾರ್ಕಸ್ ಮೊದಲು ನಕ್ಕಳು, ಆಮೇಲೆ ಊಹಿಸಿ ಮೂರನ್ನೂ ತಪ್ಪಿದಳು. ಮರ್ವ್‌ನ ಮುಖದ ನಗು ನಿಧಾನವಾಗಿ ಇಳಿದುಹೋಯಿತು. ಅವನು ಎದ್ದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ.

“ಎಲ್ಲೀವರೆಗೆ ನೋಡಿದೀಯ ಮಗಳೇ, ಇವನ್ನೆಲ್ಲ?” ಎಂದು ಕೇಳಿದೆ.

ಅವಳು ಫಲಕದ ಮೇಲಿನ ನಮ್ಮ ತಂಡದ ಹೆಸರನ್ನು ನೋಡಿದಳು. “ಮೊದಲ ಪಾಪದವರೆಗೆ.”

“ಅವರೇ ಕಳಿಸಿದ್ರಾ?”

“ಹೂಂ. ಜೆಮೈಮಾನ ಹುಡುಕೋಕೆ.”

“ಹಾಳಾಗ್ ಹೋಗ!” ಎಂದಳು ಗ್ಲೆನಿಸ್. “ನನ್ ಕೈಯ್ಯಾರೆ ಮಾಡಿದ ಪೈ ತಿಂದೆಯಲ್ಲೇ!”

“ನಿಮ್ಮ ಹಿಂದೇನೇ ಮನೇವರೆಗೆ ಬಂದು, ಹಿಂಬಾಗಿಲ ಹತ್ರ ಪುಟ್ಟ ಕೆಂಪು ಗಂಬೂಟು ನೋಡಿದೆ, ಏವಿಸ್. ಹೋದ ವಾರವೇ,” ಎಂದಳು ಡಾರ್ಕಸ್. “ಅವ್ರಿಗೆ ಹೇಳಿಲ್ಲ. ಹೇಳಿದ್ರೆ ಇಷ್ಟೊತ್ತಿಗೆ ಬಂದಿರ್ತಿದ್ರು.”

“ಇವತ್ತು ಬರೋಕೆ ಕಾಯ್ತಿರಬಹುದು. ನಿನ್ನನ್ನ ಯಾಕೆ ನಂಬಬೇಕು?”

“ನಂಬಬೇಡಿ. ನಾನಾಗಿದ್ರೂ ನಂಬ್ತಿರ್ಲಿಲ್ಲ.”

ಈ ಮಾತು ನನ್ನ ಸಂಶಯವನ್ನು ಹೆಚ್ಚಿಸಿತೇ ಹೊರತು ತಗ್ಗಿಸಲಿಲ್ಲ. ಜರಡಿಯವರು ಇಂಥ ಮಾತನ್ನೇ ಕಲಿತು ಬರುವವರು. ನಾನು ಮರ್ವ್ ಕಡೆ ನೋಡಿದೆ. ಅವನೂ ಗ್ಲೆನಿಸಳೂ ಹೊರಟರು. ವ್ಯಾನಿನ ಸದ್ದು ನನ್ನ ಮನೆಯ ದಿಕ್ಕಿಗೆ ಹೋಯಿತು. ಅವರು ತಾಯಿ ಮಗುವನ್ನು ಎಲ್ಲಿಗೆ ಸಾಗಿಸಿದರೆಂಬುದನ್ನು ನಾನು ಇಲ್ಲಿಯೂ ಬರೆಯುವುದಿಲ್ಲ.

ಅವರು ಗುರಿ ಮುಟ್ಟುವವರೆಗೆ ಈ ಹುಡುಗಿಯನ್ನು ನನ್ನ ಕಣ್ಣೆದುರಿಗೇ ಇರಿಸಿಕೊಳ್ಳಬೇಕಿತ್ತು. “ನಿನ್ನ ಫೋನು ಕೊಡು,” ಎಂದೆ. ಕೊಟ್ಟಳು. ಅದನ್ನು ಮೇಜಿನ ನಡುವೆ ಇಟ್ಟು, ಚಹಾ ಆರದಂತೆ ಕುಡಿಕೆಗೆ ಹೊದಿಸುವ ಉಣ್ಣೆಯ ಟೋಪಿಯನ್ನು ಮೇಲೆ ಮುಚ್ಚಿದೆ. ಬಾಗಿಲಿಗೆ ಅಡ್ಡವಾಗಿ ನನ್ನ ಕುರ್ಚಿ ಎಳೆದುಕೊಂಡು, ‘ಹಡಗುಕಟ್ಟೆಯ ವಧು’ ಡಿಸ್ಕನ್ನು ಮೂಲೆಯ ಟಿವಿಯ ಯಂತ್ರಕ್ಕೆ ಹಾಕಿದೆ.

“ನೋಡು. ಎದ್ದೀಯ, ಜೋಕೆ.”

ಮೊದಲ ಮುತ್ತು ಬಂತು. ಡಾರ್ಕಸಳ ಹೆಬ್ಬೆರಳು ಗಾಳಿಯಲ್ಲೇ ರಿಮೋಟಿನ ಗುಂಡಿಯನ್ನು ಒತ್ತಿತು. ಕಾಲುಗಳು ತಾವಾಗಿಯೇ ಎದ್ದವು. ನಟಿಸಿದ್ದಲ್ಲ, ಆ ಏಳುವಿಕೆಯನ್ನು ನನ್ನ ಮೊಣಕಾಲು ಬಲ್ಲದು.

“ಕೂತ್ಕೋ,” ಎಂದೆ. “ಕುರ್ಚಿ ಕಾಲಿಗೆ ನಿನ್ ಕಾಲು ಸುತ್ಕೋ. ಹಂಗೇ.”

ಅವಳು ಹಲ್ಲು ಕಚ್ಚಿ ಕುಳಿತಳು. ಬೆವರು ಕಿವಿಯ ಪಕ್ಕದಿಂದ ಇಳಿಯಿತು. ಕತೆ ಮುಂದುವರಿಯಿತು. ವಧು ದೋಣಿಯೇರಿದಳು, ಬಿರುಗಾಳಿ ಎದ್ದಿತು. ಅದೇ ಹೊತ್ತಿಗೆ ಉಣ್ಣೆಯ ಟೋಪಿಯ ಕೆಳಗೆ ಫೋನು ಗುರುಗುಟ್ಟತೊಡಗಿತು.

“ಯಾರು?”

“ಕಾವಲಿಗರು. ಗುರುವಾರ ಈ ಹೊತ್ತಿಗೆ ವರದಿ ಕೇಳ್ತಾರೆ.”

ಅದು ನಿಂತಿತು, ಮತ್ತೆ ಗುರುಗುಟ್ಟಿತು. ವ್ಯಾನು ಇನ್ನೂ ದಾರಿಯಲ್ಲಿತ್ತು. ಅವಳೊಂದು ಮಾತು ಉಸುರಿದರೆ ಸಾಕು, ಕಾರುಗಳು ಹೆದ್ದಾರಿಗೆ ಇಳಿಯುತ್ತಿದ್ದವು. ಪರೀಕ್ಷಿಸಲೆಂದೇ ನಾನು ಟೋಪಿಯನ್ನು ಸರಿಸಿ, ಫೋನನ್ನು ಅವಳ ಕಡೆ ತಳ್ಳಿದೆ. ಅವಳು ಕೈ ಚಾಚಿದರೆ ಕಸಿದುಕೊಳ್ಳಲು ನನ್ನ ಬೆರಳುಗಳು ಸಿದ್ಧವಾಗಿದ್ದವು.

“ತೆಗೀತೀಯಾ?”

ಡಾರ್ಕಸ್ ತೆರೆಯಿಂದ ಕಣ್ಣು ಕೀಳಲಿಲ್ಲ. “ಶ್... ತಡೀರಿ. ಅವಳು ದಡ ಸೇರ್ತಾಳೋ ಇಲ್ವೋ ನೋಡ್ಬೇಕು.”

ಫೋನು ತಾನಾಗಿಯೇ ಸುಮ್ಮನಾಯಿತು.

ವಧು ದಡ ಸೇರಿದಳು. ಹೆಸರುಗಳು ಉರುಳಿದವು, ತೆರೆ ಕಪ್ಪಾಯಿತು. ನಾನೂ ಏಳಲಿಲ್ಲ, ಅವಳೂ ಏಳಲಿಲ್ಲ. ಬರಿದಾದ ಕಟ್ಟೆಯ ಮೇಲೆ ನಾಯಿ ಕುಂಟುತ್ತ ಬಂದಾಗ, ಡಾರ್ಕಸ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಗೋಡೆಯ ಮೇಲಿನ ಕ್ಲಬ್ಬಿನ ಫೋನು ಹೊಡೆದುಕೊಂಡಿತು. “ಪೈ ಬಿಸಿಬಿಸಿಯಾಗೇ ತಲುಪ್ತು ಕಣೇ,” ಎಂದ ಮರ್ವ್. “ಚಿಕ್ಕ ಪೈ ದಾರಿಯುದ್ದಕ್ಕೂ ಹಾಡು ಹೇಳಿ ನನ್ ತಲೆ ತಿಂತು. ಅವಳು ಅಲ್ಲೇ ಇದಾಳಾ?”

“ಇದಾಳೆ.”

“ಏನ್ಮಾಡ್ತಿದಾಳೆ?”

“ಕೂತಿದಾಳೆ,” ಎಂದು ಹೇಳಿ ಫೋನಿಟ್ಟೆ.

ಜೆಮೈಮಾ ಎಲ್ಲಿಗೆ ಹೋದಳೆಂದು ಕೇಳಬಹುದೆಂದು ಕಾದೆ. ಹೊಳೆ ದಾಟಿಸಿದಿರೋ, ವಿಮಾನ ಹತ್ತಿಸಿದಿರೋ ಎಂದು ಸುತ್ತಿ ಬಳಸಿ ಕೇಳುವವರನ್ನು ನಾನು ಬಲ್ಲೆ. ಅವಳು ಕೇಳಲಿಲ್ಲ. ಚಹಾ ಬಸಿದು, ಮೊದಲ ಕಪ್ಪನ್ನು ನನ್ನ ಮುಂದಿಟ್ಟಳು. ನಾನು ಅದನ್ನು ತುಸು ಹೊತ್ತು ದಿಟ್ಟಿಸಿದೆ, ಹಳೆಯ ಅಭ್ಯಾಸ. ಅವಳು ಅರ್ಥಮಾಡಿಕೊಂಡು ಕಪ್ಪುಗಳನ್ನು ಅದಲುಬದಲು ಮಾಡಿ, ತಾನೇ ಮೊದಲು ಕುಡಿದಳು. ನಾನು ಬಾಗಿಲಿಗೆ ಅಡ್ಡವಿದ್ದ ಕುರ್ಚಿಯನ್ನು ಮೇಜಿನ ಬಳಿಗೆ ಎಳೆದುಕೊಂಡೆ.

ಡಾರ್ಕಸ್ ಹಂಡೆಯ ಮೇಲಿನ ಫಲಕದತ್ತ ಕತ್ತೆತ್ತಿದಳು.

“ಏವಿಸ್,” ಎಂದಳು. “ನೀವು ಅದನ್ನ ಗೆದ್ದ ಕತೆ ಇನ್ನೊಂದ್ಸಲ ಹೇಳ್ತೀರಾ? ಮೊದಲನೇ ಸಲ ಕೇಳಿದಾಗ ನಂಗೆ ನಾಯಿ ಗೊತ್ತಿರ್ಲಿಲ್ಲ.”